ದಂಡು ಯಾರದು?

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ರೈಲು ಬಂಗಾರಪೇಟೆಯಲ್ಲಿ ನಿಂತಾಗ ಪ್ರಯಾಣಿಕರ ಮನಸ್ಸಿಗೆ ಮೊದಲು ಹೊಳೆಯುವುದು ಚಿನ್ನ. ಅಲ್ಲಿಂದ ಕವಲೊಡೆದು ಮಾರಿಕುಪ್ಪಕ್ಕೆ ಹೋಗುವ ಹಳಿಯನ್ನು 1894ರಲ್ಲಿ ಹಾಕಿದುದೇ ಚಿನ್ನದ ಗಣಿಗಳಿಗಾಗಿ. ಊರಿನ ಹೆಸರಿನಲ್ಲಿಯೂ ಬಂಗಾರವೇ ಇದೆ. ಆದರೆ ಹಳೆಯ ದಾಖಲೆಗಳಲ್ಲಿ ಈ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದಿತು. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗನ ನೆನಪಿಗಾಗಿ ಇಟ್ಟ ಹೆಸರು ಅದು. ಆ ಬೌರಿಂಗನು ಸ್ವದೇಶಕ್ಕೆ ಮರಳಿದ ಬಹುಕಾಲದ ಮೇಲೆ, 1893ರಲ್ಲಿ, ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರ ವಿಷಯ ಚಿನ್ನದ ಗಣಿಯಲ್ಲ. ಈ ನಿಲ್ದಾಣಕ್ಕೆ ಕೆಲವೇ ಮೈಲಿ ದಕ್ಷಿಣದಲ್ಲಿರುವ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಮತ್ತು ಅವನ ಮಗ ಟಿಪ್ಪೂ ಸುಲ್ತಾನ.

ಹೈದರನು ಹುಟ್ಟಿದ್ದು 1720-22ರ ಸುಮಾರಿನಲ್ಲಿ. ಅವನ ತಂದೆ ಫತೆ ಮಹಮ್ಮದನು ಶಿರಾದ ನವಾಬನ ಕೈಕೆಳಗೆ ಕೋಲಾರ ಸೀಮೆಯ ಫೌಜುದಾರನಾಗಿದ್ದನು. ಮಗನು ಇನ್ನೂ ಬಾಲಕನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಮಡಿದನು. ಕೋಲಾರದ ಮಖಬರೆಯಲ್ಲಿ ಅವನ ಸಮಾಧಿ ಇಂದಿಗೂ ಇದೆ. ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಕಳೆದ ಬಳಿಕ ಆ ಸಮಾಧಿಯ ಬಳಿಗೆ ಒಂದು ದೊಡ್ಡ ಪೆಟ್ಟಿಗೆ ಬಂದಿತು. ಕಾವಲಿನವರು ಜೊತೆಗಿದ್ದರು. ನೋಡಿದವರು ಅದನ್ನು ಖಜಾನೆಯ ಪೆಟ್ಟಿಗೆಯೆಂದೇ ತಿಳಿಯಬೇಕೆಂಬುದು ಕಳುಹಿಸಿದವರ ಉದ್ದೇಶ. ಪೆಟ್ಟಿಗೆಯೊಳಗೆ ಇದ್ದುದು ಹೈದರಾಲಿಯ ದೇಹ.

1782ರ ಡಿಸೆಂಬರ್ 7ರಂದು, ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿರುವಾಗಲೇ, ಬೆನ್ನಿನ ಮೇಲೆದ್ದ ಹುಣ್ಣಿನಿಂದ ಹೈದರನು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡನು. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಪೂರ್ಣಯ್ಯ ಮತ್ತು ಕೃಷ್ಣರಾಯ ಎಂಬ ಮಂತ್ರಿಗಳಿಬ್ಬರೂ ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟು, ಟಿಪ್ಪುವಿಗೆ ಓಲೆಕಾರರನ್ನು ಅಟ್ಟಿ, ಪಾಳೆಯದ ದಿನಚರಿಯನ್ನು ಎಂದಿನಂತೆಯೇ ನಡೆಯಿಸಿದರು. ಅವರ ಭಯ ನಿರಾಧಾರವಾಗಿರಲಿಲ್ಲ. ಹೈದರನ ಎರಡನೆಯ ಮಗನನ್ನು ಪಟ್ಟಕ್ಕೆ ತರುವ ಒಳಸಂಚೊಂದು ಆ ದಿನಗಳಲ್ಲಿಯೇ ನಡೆದು, ಬಯಲಾಗಿ, ಅಡಗಿಸಲ್ಪಟ್ಟಿತು. ಟಿಪ್ಪು ಬಂದು ದಂಡಿನ ಅಧಿಪತ್ಯವನ್ನು ವಹಿಸಿದ ಮೇಲೆಯೇ ಮಂತ್ರಿಗಳು ನೆಮ್ಮದಿಯ ಉಸಿರೆಳೆದರು.

ಒಬ್ಬ ಸೇನಾಧಿಪತಿ ಸತ್ತನೆಂಬ ಸುದ್ದಿಯನ್ನು ಅವನ ಸ್ವಂತ ಸೈನಿಕರಿಂದ ಏಕೆ ಮುಚ್ಚಿಡಬೇಕಾಯಿತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಾಚಕರು ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ, ಸಮುದ್ರದಾಚೆಯ ರೋಮ್ ನಗರಕ್ಕೆ ಒಮ್ಮೆ ಹೋಗಿ ಬರಬೇಕು. ಅಲ್ಲಿಯೂ ಯುದ್ಧ ನಡೆದಿದ್ದಿತು. ಅಲ್ಲಿಯೂ ದಂಡಿನ ನಾಯಕನೊಬ್ಬನು ಸತ್ತನು. ಆದರೆ ಸುದ್ದಿ ಬಂದಾಗ ಆ ನಗರದವರು ನಡೆದುಕೊಂಡ ರೀತಿ ಬೇರೆ.

ಕ್ರಿ.ಪೂ. 217ರಲ್ಲಿ ಕಾರ್ಥೇಜಿನ ಹ್ಯಾನಿಬಲ್ ಟ್ರಾಸಿಮೀನ್ ಸರೋವರದ ದಡದಲ್ಲಿ ರೋಮನ್ ಸೈನ್ಯವನ್ನು ಹೊಂಚುಹಾಕಿ ನಾಶಮಾಡಿದನು. ದಂಡನ್ನು ನಡೆಯಿಸಿದ್ದ ಕಾನ್ಸಲ್ ಫ್ಲಮೀನಿಯಸ್ ಅಲ್ಲಿಯೇ ಮಡಿದನು. ನಗರದಲ್ಲಿ ಗಾಳಿಸುದ್ದಿ ಹಬ್ಬಿ ಜನ ಚೌಕದಲ್ಲಿ ಕಿಕ್ಕಿರಿದರು. ಸಂಜೆಯ ಹೊತ್ತಿಗೆ ಪೊಂಪೋನಿಯಸ್ ಎಂಬ ಅಧಿಕಾರಿಯು ವೇದಿಕೆಯನ್ನೇರಿ, ದೊಡ್ಡ ಯುದ್ಧವೊಂದರಲ್ಲಿ ರೋಮ್ ಸೋತಿದೆಯೆಂದು ಮರೆಮಾಚದೆ ಸಾರಿದನು. ಮರುವರ್ಷ ಕನ್ನೈ ಎಂಬಲ್ಲಿ ಇನ್ನೂ ಘೋರವಾದ ಸೋಲಾಯಿತು. ಚರಿತ್ರಕಾರ ಲಿವಿಯ ಲೆಕ್ಕದಂತೆ ಒಂದೇ ಹಗಲಿನಲ್ಲಿ 45,000ಕ್ಕೂ ಹೆಚ್ಚು ಮಂದಿ ಸತ್ತರು. ಇಬ್ಬರು ಕಾನ್ಸಲರಲ್ಲಿ ಒಬ್ಬನು ಹತನಾದನು. ಬದುಕಿ ಹಿಂದಿರುಗಿದ ಇನ್ನೊಬ್ಬನನ್ನು ಜನ ಕಲ್ಲೆಸೆದು ಅಟ್ಟಲಿಲ್ಲ. ಗಣರಾಜ್ಯದ ಮೇಲಿನ ಭರವಸೆಯನ್ನು ಕೈಬಿಡದೆ ಹಿಂದಿರುಗಿದನೆಂದು ಅವನಿಗೆ ವಂದನೆ ಸಲ್ಲಿಸಿದರು. ಬಳಿಕ ಹೊಸ ಕಾನ್ಸಲರನ್ನು ಆರಿಸಿದರು, ಹೊಸ ದಂಡನ್ನು ಕೂಡಿಸಿದರು, ಹದಿನೈದು ವರ್ಷ ಹೋರಾಡಿ ಗೆದ್ದರು.

ರೋಮನರು ಇತರರಿಗಿಂತ ಶೂರರಾಗಿದ್ದರೆಂದು ಹೇಳಿದರೆ ಉತ್ತರ ಪೂರ್ತಿಯಾಗುವುದಿಲ್ಲ. ಶೌರ್ಯದಲ್ಲಿ ಹೈದರನ ಸವಾರರು ಯಾರಿಗೂ ಕಡಮೆಯಲ್ಲ. ಉತ್ತರವಿರುವುದು ರೋಮಿನ ಆಡಳಿತದ ಕಟ್ಟಿನಲ್ಲಿ.

ಸಂಪ್ರದಾಯದಂತೆ ಕ್ರಿ.ಪೂ. 509ರಲ್ಲಿ ರೋಮನರು ತಮ್ಮ ಕೊನೆಯ ಅರಸನನ್ನು ಓಡಿಸಿದರು. ಅರಸನ ಅಧಿಕಾರವನ್ನು ಅವರು ನಾಶಮಾಡಲಿಲ್ಲ. ಎರಡಾಗಿ ಸೀಳಿ, ಒಂದು ವರ್ಷದ ಅವಧಿಗೆ ಮೊಟಕುಮಾಡಿದರು. ಒಬ್ಬ ರಾಜನ ಜಾಗದಲ್ಲಿ ಇಬ್ಬರು ಕಾನ್ಸಲರು. ಇಬ್ಬರಿಗೂ ಸಮಾನಾಧಿಕಾರ, ಒಬ್ಬನ ಆಜ್ಞೆಯನ್ನು ಇನ್ನೊಬ್ಬನು ತಡೆಯಬಹುದು. ವರ್ಷ ಮುಗಿದೊಡನೆ ಇಬ್ಬರೂ ಸಾಮಾನ್ಯ ನಾಗರಿಕರಾಗಿ, ತಾವು ಮಾಡಿದುದಕ್ಕೆ ನ್ಯಾಯಸ್ಥಾನದಲ್ಲಿ ಉತ್ತರ ಹೇಳಬೇಕು. ದೊಡ್ಡ ವಿಪತ್ತು ಒದಗಿದಾಗ ಒಬ್ಬನೇ ಸರ್ವಾಧಿಕಾರಿಯನ್ನು ನೇಮಿಸುವುದುಂಟು. ಅವನ ಅವಧಿಯೂ ಆರು ತಿಂಗಳನ್ನು ಮೀರಕೂಡದು. ಕಾನ್ಸಲನ ಮುಂದೆ 12 ಮಂದಿ ಭಟರು ಕಟ್ಟಿಗೆಯ ಕಂತೆಗಳಲ್ಲಿ ಕೊಡಲಿಗಳನ್ನು ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಆದರೆ ನಗರದ ಪವಿತ್ರವಾದ ಎಲ್ಲೆಯೊಳಗೆ ಬರುವಾಗ ಆ ಕೊಡಲಿಗಳನ್ನು ತೆಗೆದಿಡಬೇಕು. ಹೊರಗೆ ಸೈನಿಕನ ಪ್ರಾಣ ಕಾನ್ಸಲನ ಕೈಯಲ್ಲಿ; ಒಳಗೆ ಕಾನ್ಸಲನು ಕಾನೂನಿನ ಕೈಯಲ್ಲಿ.

ಎಲ್ಲಕ್ಕಿಂತ ಮುಖ್ಯವಾದುದು ಹಣದ ವಿಚಾರ. ಮೊದಲಲ್ಲಿ ರೋಮಿನ ಸೈನಿಕನು ಸಂಬಳದವನಲ್ಲ. ಹೊಲವನ್ನುಳ್ಳ ರೈತನು ತನ್ನದೇ ಆಯುಧವನ್ನು ಹಿಡಿದು ಬೇಸಗೆಯಲ್ಲಿ ಯುದ್ಧಕ್ಕೆ ಹೋಗಿ, ಸುಗ್ಗಿಗೆ ಮನೆಗೆ ಮರಳುತ್ತಿದ್ದನು. ವೇಯೀ ಎಂಬ ನೆರೆಯ ನಗರದೊಡನೆ ಯುದ್ಧ ಒದಗಿದ ಹೊತ್ತಿನಲ್ಲಿ, ಕ್ರಿ.ಪೂ. 406ರಲ್ಲಿ, ಸೈನಿಕರಿಗೆ ಸಾರ್ವಜನಿಕ ಬೊಕ್ಕಸದಿಂದ ಸಂಬಳ ಕೊಡುವ ಪದ್ಧತಿ ಬಂದಿತೆಂದು ಅವರ ಇತಿಹಾಸ ಹೇಳುತ್ತದೆ. ಆ ಸಂಬಳಕ್ಕಾಗಿ ನಾಗರಿಕರ ಮೇಲೆ ತೆರಿಗೆ ಬಿದ್ದಿತು. ಯುದ್ಧ ಮಾಡಬೇಕೆ ಬೇಡವೆ ಎಂದು ಮತ ಹಾಕುವವರೂ, ಯುದ್ಧಕ್ಕೆ ತೆರಿಗೆ ಕೊಡುವವರೂ, ಯುದ್ಧಕ್ಕೆ ಹೋಗುವವರೂ ಹೆಚ್ಚುಕಡಮೆ ಒಂದೇ ಮನೆಯವರಾಗಿದ್ದರು. ಗ್ರೀಸಿನಿಂದ ಒತ್ತೆಯಾಳಾಗಿ ಬಂದು ರೋಮಿನಲ್ಲಿ ನೆಲಸಿದ್ದ ಪೊಲಿಬಿಯಸ್ ಎಂಬ ವಿದ್ವಾಂಸನು ಒಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ. ಕಾನ್ಸಲನು ಯುದ್ಧಭೂಮಿಯಲ್ಲಿ ಎಷ್ಟೇ ಪ್ರಬಲನಾಗಿರಲಿ, ದಂಡಿನ ಧಾನ್ಯ, ಬಟ್ಟೆ, ಸಂಬಳ ಈ ಮೂರೂ ಸೆನೇಟ್ ಸಭೆಯ ಅಪ್ಪಣೆಯಿಲ್ಲದೆ ಅವನಿಗೆ ತಲುಪುತ್ತಿರಲಿಲ್ಲ. ಜೊತೆಗೆ, ಲೆಕ್ಕವಿಡಲು ಒಬ್ಬ ಖಜಾನೆಯ ಅಧಿಕಾರಿಯೂ ಅವನ ಬೆನ್ನಿಗೇ ಇರುತ್ತಿದ್ದನು.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಕೊರತೆಯನ್ನೂ ಹೇಳುವುದು ನ್ಯಾಯ. ಯುದ್ಧವನ್ನು ನಿರ್ಣಯಿಸುವ ಸಭೆಯಲ್ಲಿ 193 ಗುಂಪುಗಳಿದ್ದವು. ಶ್ರೀಮಂತರ ಗುಂಪುಗಳು ಒಂದಾದರೆ ಬಡವರ ಸರದಿ ಬರುವ ಮುನ್ನವೇ ತೀರ್ಮಾನ ಮುಗಿದುಹೋಗುತ್ತಿದ್ದಿತು. ಹೆಂಗಸರಿಗೆ ಮತವಿಲ್ಲ. ಗುಲಾಮರು ಲೆಕ್ಕಕ್ಕೇ ಇಲ್ಲ. ಹಾಗಿದ್ದರೂ ದಂಡು ತಮ್ಮದೆಂಬ ಭಾವನೆ ನಾಗರಿಕರಲ್ಲಿ ಎಷ್ಟು ಆಳವಾಗಿದ್ದಿತೆಂಬುದಕ್ಕೆ ಕ್ರಿ.ಪೂ. 210ರ ಒಂದು ಘಟನೆ ಸಾಕ್ಷಿ. ಬೊಕ್ಕಸ ಬರಿದಾಗಿದ್ದಿತು. ಆಗ ಸೆನೇಟಿನ ಸದಸ್ಯರು ತಮ್ಮ ಮನೆಗಳ ಚಿನ್ನ ಬೆಳ್ಳಿಯನ್ನೆಲ್ಲ ತಂದು ಒಪ್ಪಿಸಿದರು. ತಮಗೂ ಹೆಂಡತಿಗೂ ಮಕ್ಕಳಿಗೂ ಒಂದೊಂದು ಉಂಗುರ, ಮಗನ ಕೊರಳ ತಾಯಿತ, ಹೆಂಗಸರಿಗೆ ಒಂದಿಷ್ಟು ಚಿನ್ನ, ಇಷ್ಟನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ತಾವೇ ಕಟ್ಟು ಮಾಡಿಕೊಂಡರು. ಅವರನ್ನು ನೋಡಿ ಉಳಿದವರೂ ಮುಗಿಬಿದ್ದರು. ತಂದುದನ್ನು ಬರೆದುಕೊಳ್ಳಲು ಗುಮಾಸ್ತರಿಗೆ ಕೈ ಸಾಲದಾಯಿತು.

ಇಂತಹ ನಗರವು ಬೆಳೆದುದರಲ್ಲಿ ಆಶ್ಚರ್ಯವಿಲ್ಲ. ಕ್ರಿ.ಪೂ. 338ರಿಂದ 264ರೊಳಗೆ ಇಟಲಿಯ ಪರ್ಯಾಯದ್ವೀಪದ ಬಹುಭಾಗ ರೋಮಿನ ಅಂಕೆಗೆ ಬಂದಿತು. ಗೆದ್ದ ಊರುಗಳನ್ನೆಲ್ಲ ಅವರು ಸುಟ್ಟು ಹಾಳುಮಾಡಲಿಲ್ಲ. ಕೆಲವಕ್ಕೆ ಪೂರ್ಣ ಪೌರತ್ವ, ಕೆಲವಕ್ಕೆ ಅರೆ ಪೌರತ್ವ, ಉಳಿದವಕ್ಕೆ ಮೈತ್ರಿ. ಮಿತ್ರರು ಕಪ್ಪವನ್ನು ಕೊಡಬೇಕಾಗಿರಲಿಲ್ಲ, ಸೈನಿಕರನ್ನು ಕೊಡಬೇಕು. ಕ್ರಿ.ಪೂ. 225ರ ಸುಮಾರಿಗೆ ರೋಮ್ ಮತ್ತು ಅದರ ಮಿತ್ರರು ಒಟ್ಟು 7 ಲಕ್ಷ ಕಾಲಾಳುಗಳನ್ನೂ 70,000 ಸವಾರರನ್ನೂ ಕರೆಯಬಲ್ಲವರಾಗಿದ್ದರೆಂದು ಪೊಲಿಬಿಯಸ್ ಲೆಕ್ಕ ಕೊಡುತ್ತಾನೆ. ಒಂದು ದಂಡು ಸತ್ತರೆ ಇನ್ನೊಂದು, ಅದೂ ಹೋದರೆ ಮತ್ತೊಂದು. ಹ್ಯಾನಿಬಲನನ್ನು ಸೋಲಿಸಿದುದು ಈ ಬೇರಿನ ಬಲ.

ಆದರೆ ಗೆಲುವು ತನ್ನೊಡನೆ ಬೇರೊಂದನ್ನೂ ತಂದಿತು. ಸ್ಪೇನಿನ ಬೆಳ್ಳಿಯ ಗಣಿಗಳು ರೋಮನರ ಕೈಸೇರಿದವು. ನವಕಾರ್ಥೇಜಿನ ಗಣಿಗಳಲ್ಲಿ 40,000 ಮಂದಿ ದುಡಿದು ದಿನವೊಂದಕ್ಕೆ 25,000 ದ್ರಾಖ್ಮಗಳಷ್ಟು ಆದಾಯವನ್ನು ರೋಮಿಗೆ ತರುತ್ತಿದ್ದರೆಂದು ಅದೇ ಪೊಲಿಬಿಯಸ್ ಬರೆದಿದ್ದಾನೆ. ಆ ಕತ್ತಲೆಯ ದುಡಿಮೆ ಎಂತಹುದೆಂಬುದನ್ನು ಊರಿಗಾಂ, ಚಾಂಪಿಯನ್ ರೀಫ್ ಗಣಿಗಳಲ್ಲಿ ತಲೆಮಾರುಗಳ ಕಾಲ ಇಳಿದು ಏರಿದ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ. ಕ್ರಿ.ಪೂ. 167ರಲ್ಲಿ ಮೆಸಿಡೋನಿಯಾದ ಅರಸನ ಭಂಡಾರ ರೋಮಿಗೆ ಬಂದು ಸುರಿಯಿತು. ಆ ವರ್ಷದಿಂದ ರೋಮಿನ ನಾಗರಿಕರ ಮೇಲಿನ ಯುದ್ಧತೆರಿಗೆಯನ್ನು ನಿಲ್ಲಿಸಲಾಯಿತು. ಊರಲ್ಲೆಲ್ಲ ಹಬ್ಬ! ತೆರಿಗೆ ಇಲ್ಲದ ರಾಜ್ಯಕ್ಕಿಂತ ಸುಖವಾದ ರಾಜ್ಯವುಂಟೆ?

ಇಲ್ಲಿಯೇ ಕಥೆ ತಿರುಗುವುದು. ತನ್ನ ಕಿಸೆಯಿಂದ ಹಣ ಹೋಗುತ್ತಿರುವವರೆಗೆ ನಾಗರಿಕನು ಪ್ರತಿಯೊಂದು ಯುದ್ಧವನ್ನೂ ಕುರಿತು 'ಏಕೆ?' ಎಂದು ಕೇಳುತ್ತಿದ್ದನು. ಹೊರನಾಡಿನ ಕಪ್ಪದಿಂದಲೇ ದಂಡಿಗೆ ಸಂಬಳ ಸಿಗತೊಡಗಿದ ಮೇಲೆ ಆ ಪ್ರಶ್ನೆಗೆ ಮೊನೆ ಉಳಿಯಲಿಲ್ಲ. ಇತ್ತ ವರ್ಷಗಟ್ಟಲೆ ಹೊರನಾಡುಗಳಲ್ಲಿ ಕಾದಾಡಿ ಬಂದ ರೈತನ ಹೊಲ ಬೀಳುಬಿದ್ದು ಉಳ್ಳವರ ಪಾಲಾಗಿದ್ದಿತು. ಅವನಿಗೆ ನೆಲವನ್ನು ಹಂಚಲು ಹೊರಟ ಟೈಬೀರಿಯಸ್ ಗ್ರಾಕಸನನ್ನು ಕ್ರಿ.ಪೂ. 133ರಲ್ಲಿ ಸೆನೇಟಿನವರೇ ಹೊಡೆದು ಕೊಂದರು. ಕ್ರಿ.ಪೂ. 107ರಲ್ಲಿ ಮೇರಿಯಸನು ನೆಲವಿಲ್ಲದ ಬಡವರನ್ನು ದಂಡಿಗೆ ಸೇರಿಸಿಕೊಂಡನು. ಅವರಿಗೆ ಮರಳಿ ಹೋಗಲು ಹೊಲವಿರಲಿಲ್ಲ. ಯುದ್ಧ ಮುಗಿದ ಮೇಲೆ ನೆಲ ಕೊಡಿಸುವವನು ತಮ್ಮ ದಳಪತಿಯೇ ಎಂದು ಅವರು ನಂಬಿದರು. ನಂಬಿಕೆ ಸೆನೇಟಿನಿಂದ ಸರಿದು ದಳಪತಿಯ ಡೇರೆಯನ್ನು ಸೇರಿತು.

ಮುಂದಿನದು ಬಹುಬೇಗ ನಡೆದುಹೋಯಿತು. ಕ್ರಿ.ಪೂ. 88ರಲ್ಲಿ ಸುಲ್ಲನು ರೋಮಿನ ಮೇಲೆಯೇ ರೋಮನ್ ದಂಡನ್ನು ನಡೆಯಿಸಿದನು. ಒಬ್ಬನ ಹೊರತು ಉಳಿದ ಮೇಲಧಿಕಾರಿಗಳೆಲ್ಲರೂ ಅಂಜಿ ಅವನನ್ನು ತೊರೆದರು, ಸೈನಿಕರು ತೊರೆಯಲಿಲ್ಲ. ಅವರು ಉಣ್ಣುತ್ತಿದ್ದುದು ಅವನ ಕೈಯ ಅನ್ನವನ್ನು. ಕ್ರಿ.ಪೂ. 49ರಲ್ಲಿ ಸೀಸರನು ರುಬಿಕಾನ್ ಎಂಬ ಸಣ್ಣ ಹೊಳೆಯನ್ನು ದಾಟಿದನು. ಸೈನಿಕರ ಸಂಬಳವನ್ನು ಇಮ್ಮಡಿ ಮಾಡಿದವನೂ ಅವನೇ. ಅವನ ಕೊಲೆಯಾದ ಮೇಲೆ ಅವನ ಉತ್ತರಾಧಿಕಾರಿಗಳಿಗೆ ದಂಡಿನ ಖರ್ಚಿಗೆ ಹಣ ಸಾಲದಾಯಿತು. ಕ್ರಿ.ಪೂ. 42ರಲ್ಲಿ ಅವರು 1,400 ಮಂದಿ ಸಿರಿವಂತ ಸ್ತ್ರೀಯರ ಆಸ್ತಿಯ ಮೇಲೆ ತೆರಿಗೆ ಹಾಕಿದರು. ಹಾರ್ಟೆನ್ಸಿಯಾ ಎಂಬ ಹೆಣ್ಣುಮಗಳು ಆ ಸ್ತ್ರೀಯರೊಡನೆ ಚೌಕಕ್ಕೆ ಬಂದು, ಆಳುವುದರಲ್ಲಿ ಪಾಲಿಲ್ಲದವರು ಯುದ್ಧದ ಖರ್ಚಿಗೇಕೆ ಪಾಲುಗೊಡಬೇಕೆಂದು ಮುಖಕ್ಕೆ ಮುಖವಿಟ್ಟು ಕೇಳಿದಳು. ಅಧಿಪತಿಗಳು ಸಿಡಿಮಿಡಿಗೊಂಡರೂ ಮರುದಿನ ಆ ಪಟ್ಟಿಯನ್ನು 400ಕ್ಕೆ ಇಳಿಸಿದರು. ಐನೂರು ವರ್ಷಗಳ ಗಣರಾಜ್ಯ ಅಳಿಯುತ್ತಿದ್ದ ಹೊತ್ತಿನಲ್ಲಿ, ಅದರ ಮೂಲಪ್ರಶ್ನೆಯನ್ನು ನೆನಪಿಟ್ಟು ಕೇಳಿದವಳು ಮತವೇ ಇಲ್ಲದ ಒಬ್ಬ ಹೆಂಗಸು!

ರೋಮಿನ ಈ ಪಾಠವನ್ನು ಹಿಡಿದು ಈಗ ಮತ್ತೆ ಕಾವೇರಿಯ ಕಡೆಗೆ ಬರೋಣ. ಮೈಸೂರು ಗಣರಾಜ್ಯವಾಗಿರಲಿಲ್ಲ, ಅರಸೊತ್ತಿಗೆಯಾಗಿದ್ದಿತು. ಆದರೆ ದಂಡಿನ ಸಂಬಳದ ಪ್ರಶ್ನೆ ಅರಸೊತ್ತಿಗೆಯನ್ನೂ ಬಿಡುವುದಿಲ್ಲ.

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ರಾಜ್ಯವನ್ನು ಹಿಗ್ಗಿಸಿದುದಲ್ಲದೆ ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ಹಂಚಿ 'ಅಠಾರಾ ಕಚೇರಿ'ಯನ್ನು ಸ್ಥಾಪಿಸಿದರು. ದಿನಕ್ಕೆ ಎರಡು ಚೀಲ ವರಹಗಳು ಬೊಕ್ಕಸಕ್ಕೆ ಸೇರಿದ ಹೊರತು ಅವರು ಊಟಕ್ಕೆ ಕೂರುತ್ತಿರಲಿಲ್ಲವೆಂಬ ಐತಿಹ್ಯವಿದೆ. 'ನವಕೋಟಿ ನಾರಾಯಣ'ನೆಂಬ ಬಿರುದು ಅವರಿಗೆ ಸಂದುದು ಇದರಿಂದಲೇ. ಅವರ ನಂತರದ ಅರಸರು ದುರ್ಬಲರಾದರು. 1734ರ ಹೊತ್ತಿಗೆ ಅಧಿಕಾರವೆಲ್ಲ ಕಳಲೆ ಮನೆತನದ ದಳವಾಯಿಗಳ ಕೈಸೇರಿ, ಅರಸನು ಸಿಂಹಾಸನದ ಮೇಲಿನ ಬೊಂಬೆಯಾದನು. ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ ಎಂಬ ಸೋದರರು ರಾಜ್ಯವನ್ನಾಳಿದರು.

ಈ ನಂಜರಾಜಯ್ಯನ ಕಣ್ಣಿಗೆ ಬೂದಿಕೋಟೆಯ ತರುಣನು ಬಿದ್ದದ್ದು 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ. ಅಲ್ಲಿ ತೋರಿದ ಪರಾಕ್ರಮಕ್ಕಾಗಿ ಹೈದರನಿಗೆ ಸಣ್ಣದೊಂದು ಪಡೆಯ ನಾಯಕತ್ವ ದೊರೆಯಿತು. ಬಳಿಕ ನಂಜರಾಜಯ್ಯನು ತಿರುಚಿರಾಪಳ್ಳಿಯ ಆಸೆಗೆ ಬಿದ್ದು 1752ರಿಂದ ಮೂರು ವರ್ಷ ದಂಡನ್ನು ಅಲ್ಲಿಯೇ ನಿಲ್ಲಿಸಿದನು. ಊರು ಸಿಕ್ಕಲಿಲ್ಲ, ಚಿಕ್ಕದೇವರಾಜರು ಕೂಡಿಟ್ಟಿದ್ದ ಬೊಕ್ಕಸ ಕರಗಿತು. 1755ರಲ್ಲಿ ಹೈದರಾಬಾದಿನ ದಂಡು ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಬಾಗಿಲಿಗೆ ಬಂದು 56 ಲಕ್ಷ ರೂಪಾಯಿ ಕೇಳಿತು. ದೇವಾಲಯಗಳ ಒಡವೆಗಳನ್ನು ತೆಗೆದರೂ ಅಷ್ಟು ಹಣ ಕೂಡಲಿಲ್ಲ. 1757ರಲ್ಲಿ ಪೇಶ್ವೆಯು ಬಂದಾಗ 32 ಲಕ್ಷಕ್ಕೆ ಒಪ್ಪಂದವಾಯಿತು. ಕೊಡಲು ಹಣವಿಲ್ಲದೆ ತಾಲ್ಲೂಕುಗಳನ್ನೇ ಅಡವಿಡಬೇಕಾಯಿತು.

ಆ ಬರಗಾಲದಲ್ಲಿ ಸೈನಿಕರ ಸಂಬಳ ತಿಂಗಳುಗಟ್ಟಲೆ ಬಾಕಿ ನಿಂತಿತು. 1758ರಲ್ಲಿ ಅವರು ಶ್ರೀರಂಗಪಟ್ಟಣದಲ್ಲಿ ನಂಜರಾಜಯ್ಯನ ಬಾಗಿಲಲ್ಲಿಯೇ ಧರಣಿ ಕುಳಿತರು. ಆ ಹೊತ್ತಿಗೆ ದಿಂಡಿಗಲ್ಲಿನ ಫೌಜುದಾರನಾಗಿ ಹಣವನ್ನೂ ಮದ್ದುಗುಂಡನ್ನೂ ಕೂಡಿಸಿದ್ದ ಹೈದರನು ಬಂದನು. ತನ್ನ ನೆಚ್ಚಿನ ಲೆಕ್ಕಿಗ ಖಂಡೇರಾಯನಿಂದ ಬಾಕಿಯ ಪಟ್ಟಿಗಳನ್ನೆಲ್ಲ ಪರಿಶೀಲಿಸಿದನು. ಸುಳ್ಳು ಲೆಕ್ಕಗಳನ್ನು ಹೊಡೆದುಹಾಕಿಸಿ ನಿಜವಾದ ಬಾಕಿಯನ್ನು ತೀರಿಸಿದನು. ಧರಣಿ ಎದ್ದಿತು. ಆ ದಿನ ಒಂದು ಹನಿ ರಕ್ತವೂ ಬೀಳದೆ ರಾಜ್ಯವೊಂದು ಕೈ ಬದಲಾಯಿಸಿದುದನ್ನು ಅರಮನೆಯವರು ಗುರುತಿಸಲಿಲ್ಲ. ದಂಡಿನ ಸಂಬಳಕ್ಕೆಂದು ಒಂದೊಂದೇ ಸೀಮೆಯ ಕಂದಾಯವನ್ನು ಹೈದರನಿಗೆ ಬಿಟ್ಟುಕೊಡುತ್ತ ಹೋದರು. ಬೆಂಗಳೂರು ಅವನಿಗೆ ಜಹಗೀರಾಗಿ ಸಂದಿತು. ಮತ್ತೊಮ್ಮೆ ಬಾಕಿ ಏರಿ ಮತ್ತೊಮ್ಮೆ ಧರಣಿ ನಡೆದಾಗ, 1759ರಲ್ಲಿ ನಂಜರಾಜಯ್ಯನೇ ಅಧಿಕಾರದಿಂದ ಸರಿಯಬೇಕಾಯಿತು.

ತಡವಾಗಿ ಎಚ್ಚೆತ್ತ ಅರಮನೆಯು 1760ರಲ್ಲಿ ಖಂಡೇರಾಯನನ್ನೇ ಒಲಿಸಿಕೊಂಡು ಹೈದರನನ್ನು ಮುಗಿಸಲೆತ್ನಿಸಿತು. ಹೈದರನು ಎಲ್ಲವನ್ನೂ ಬಿಟ್ಟು ರಾತ್ರೋರಾತ್ರಿ ಬೆಂಗಳೂರಿಗೆ ಓಡಿಹೋದನು. ಮರುವರ್ಷ ಹಿಂದಿರುಗಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡನು. ಖಂಡೇರಾಯನನ್ನು ಗಿಳಿಯಂತೆ ಸಾಕುವೆನೆಂದು ಅರಮನೆಗೆ ಮಾತುಕೊಟ್ಟಿದ್ದ ಅವನು, ಆ ಮಾತಿಗೆ ತಪ್ಪದೆ ಅವನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದನೆಂಬ ಕಥೆಯನ್ನು ಕನ್ನಡ ನಾಡಿನ ಮಕ್ಕಳೂ ಬಲ್ಲರು.

ಇನ್ನು ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಹೈದರನು ಸಿಂಹಾಸನವನ್ನೇರಲಿಲ್ಲ. ಒಡೆಯರು ಒಡೆಯರಾಗಿಯೇ ಉಳಿದರು. ಪ್ರತಿವರ್ಷ ದಸರೆಯಲ್ಲಿ ಪ್ರಜೆಗಳಿಗೆ ಅರಸನ ದರ್ಶನವಾಗುತ್ತಿದ್ದಿತು. 1766ರಲ್ಲಿ ಅರಸನು ತೀರಿಕೊಂಡಾಗ ಅವನ ಮಗನನ್ನು ಪಟ್ಟಕ್ಕೆ ಕೂರಿಸಿದವನು ಮಾತ್ರ ಹೈದರನೇ. ಅವನ ಕಾಲದ ಬಹಾದುರಿ ವರಹದ ಒಂದು ಮುಖದಲ್ಲಿ ಹಿಂದಿನಂತೆಯೇ ಶಿವಪಾರ್ವತಿಯರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲಕ್ಷರವೊಂದೇ. ಸೀಸರನ ದತ್ತುಪುತ್ರ ಆಗಸ್ಟಸನು ರೋಮಿನಲ್ಲಿ ಮಾಡಿದುದೂ ಇದನ್ನೇ. ಕ್ರಿ.ಪೂ. 27ರಲ್ಲಿ ಅವನು ಗಣರಾಜ್ಯವನ್ನು ಮರಳಿ ಸ್ಥಾಪಿಸಿದೆನೆಂದು ಸಾರಿದನು. ಕಾನ್ಸಲರು ವರ್ಷವರ್ಷವೂ ನೇಮಕವಾದರು; ಸೆನೇಟ್ ಸಭೆ ಸೇರಿತು. ದಂಡು ಮತ್ತು ಅದರ ಸಂಬಳ ಮಾತ್ರ ಅವನ ಕೈಯಲ್ಲಿದ್ದವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ದೊರೆತಿರುವ ರೋಮನ್ ಬೆಳ್ಳಿ ನಾಣ್ಯಗಳ ಮೇಲೆ ಇರುವುದು ಆಗಸ್ಟಸ್ ಮೊದಲಾದ ಚಕ್ರವರ್ತಿಗಳ ಮುಖ. ಹಳೆಯ ಗಣರಾಜ್ಯದಲ್ಲಿ ಬದುಕಿರುವ ಮನುಷ್ಯನ ಮುಖವನ್ನು ನಾಣ್ಯದ ಮೇಲೆ ಅಚ್ಚೊತ್ತುವ ರೂಢಿಯೇ ಇರಲಿಲ್ಲ.

ಹೈದರನ ಸಾಮರ್ಥ್ಯವನ್ನು ಯಾರೂ ಅಲ್ಲಗಳೆಯಲಾರರು. 1763ರಲ್ಲಿ ಬಿದನೂರನ್ನು ಗೆದ್ದನು. 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರಿಂದ ಒಪ್ಪಂದಕ್ಕೆ ರುಜು ಹಾಕಿಸಿದನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಬೇಯ್ಲಿಯ ದಂಡನ್ನು ನಿರ್ನಾಮ ಮಾಡಿದನು. ದಂಡು ಅವನದಾಗಿದ್ದುದರಿಂದಲೇ ಇಷ್ಟೆಲ್ಲ ಸಾಧ್ಯವಾಯಿತು. ದಂಡು ಅವನೊಬ್ಬನದೇ ಆಗಿದ್ದುದರಿಂದಲೇ ಅವನ ಸಾವನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಕೋಲಾರಕ್ಕೆ ಸಾಗಿಸಬೇಕಾಯಿತು. ಎದುರುಪಕ್ಷದಲ್ಲಿದ್ದುದು ಒಂದು ವ್ಯಾಪಾರದ ಕಂಪನಿ. ಅದರ ಸಿಪಾಯಿಗಳಲ್ಲಿ ಬಹುಮಂದಿ ಈ ದೇಶದವರೇ. ಬೇಯ್ಲಿ ಸೆರೆಯಾದರೆ ಕಲ್ಕತ್ತೆಯಿಂದ ಹಡಗಿನಲ್ಲಿ ಐರ್ ಕೂಟ್ ಬಂದನು. 1783ರಲ್ಲಿ ಕೂಟನೂ ಸತ್ತಾಗ ಮತ್ತೊಬ್ಬನು ಬಂದನು. ಅಧಿಕಾರಿಗಳು ಹೋಗುತ್ತಿದ್ದರು, ಲೆಕ್ಕದ ಪುಸ್ತಕ ಮುಂದುವರಿಯುತ್ತಿದ್ದಿತು. ಆ ಕಂಪನಿಯ ಲೋಭವನ್ನು ಮೆಚ್ಚಬೇಕಾಗಿಲ್ಲ. ಆದರೆ ಅದರ ಬಲ ಎಲ್ಲಿದ್ದಿತೆಂಬುದನ್ನು ತಿಳಿಯದಿದ್ದರೆ ಇತಿಹಾಸ ತಿಳಿದಂತಾಗುವುದಿಲ್ಲ.

1799ರಲ್ಲಿ ಟಿಪ್ಪು ಮಡಿದು, ಒಡೆಯರ ಮನೆತನಕ್ಕೆ ರಾಜ್ಯ ಮರಳಿದಾಗ, ಸಂಬಳದ ಪ್ರಶ್ನೆ ಮೂರನೆಯ ರೂಪವನ್ನು ತಾಳಿತು. ರಾಜ್ಯದ ರಕ್ಷಣೆಗೆಂದು ಕಂಪನಿಯ ದಂಡು ನೆಲಸಿತು. ಅದಕ್ಕಾಗಿ ಮೈಸೂರು ಪ್ರತಿವರ್ಷವೂ 7 ಲಕ್ಷ ವರಹಗಳನ್ನು ಕೊಡಬೇಕಾಯಿತು. ಹಣ ಮೈಸೂರಿನ ರೈತನದು, ದಂಡು ಪರರದು! ಆ ಸಮಯದಲ್ಲಿಯೇ, 1802ರಲ್ಲಿ, ಹೊಸ ಗಡಿಯನ್ನು ಅಳೆಯುತ್ತ ಬಂದ ವಾರೆನ್ ಎಂಬ ಸೈನ್ಯಾಧಿಕಾರಿಯು ಕೋಲಾರ ಸೀಮೆಯಲ್ಲಿ ಚಿನ್ನದ ಮಾತನ್ನು ಕೇಳಿದನು. ಊರಿಗಾಮಿನ ಹೆಂಗಸರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆದು ತೋರಿಸಿದರು. ಮಾರಿಕುಪ್ಪದ ಬಳಿ ಜನ ತೋಡಿದ್ದ ಗುಂಡಿಗಳನ್ನು ಅವನು ಕಣ್ಣಾರೆ ಕಂಡನು. ಅವನ ವರದಿಯನ್ನು 1871ರಲ್ಲಿ ಓದಿದ ನಿವೃತ್ತ ಸೈನಿಕ ಲವೆಲ್‌ನಿಂದ ಗಣಿಗಳ ಹೊಸ ಯುಗ ಆರಂಭವಾಯಿತು. ಸಂಬಳ ಕೊಡಲಾಗದೆ ರಾಜ್ಯವನ್ನೇ ಕಳೆದುಕೊಂಡ ಮೈಸೂರಿನ ಗಡಿಯಲ್ಲಿ, ಹೈದರನು ಹುಟ್ಟಿದ ಊರಿನ ನೆರೆಯಲ್ಲಿ, ಭೂಮಿಯ ಕೆಳಗೆ ಆ ಚಿನ್ನ ಮಲಗಿದ್ದಿತು. ಮುಂದೆ ಅದರಿಂದ ಮೈಸೂರು ಪಡೆದ ರಾಜಧನ ಸೇರಿದ ಬೊಕ್ಕಸದಿಂದಲೇ ಬ್ರಿಟಿಷರಿಗೆ ಪೊಗದಿಯೂ ಸಲ್ಲುತ್ತಿದ್ದಿತು.

ಹಣವಿಲ್ಲದ ರಾಜ್ಯ ದಂಡನ್ನು ಕಳೆದುಕೊಂಡಿತು. ಹಣ ಕೊಟ್ಟೂ ಲೆಕ್ಕ ಕೇಳಲಾಗದ ರಾಜ್ಯ ಸ್ವಾತಂತ್ರ್ಯವನ್ನು ಕಳೆದುಕೊಂಡಿತು. ಹಣ ಕೊಡುವುದನ್ನೇ ನಿಲ್ಲಿಸಿದ ರೋಮಿನ ನಾಗರಿಕ ಗಣರಾಜ್ಯವನ್ನು ಕಳೆದುಕೊಂಡನು. ಮೂರು ಕಥೆಗಳಲ್ಲಿಯೂ ತಪ್ಪಿಹೋದುದು ಒಂದೇ ಕೊಂಡಿ: ಕೊಡುವ ಕೈಗೂ ಕೇಳುವ ಬಾಯಿಗೂ ಇರಬೇಕಾದ ಸಂಬಂಧ.

1950ರ ಜನವರಿ 26ರಿಂದ ಭಾರತವು ಗಣರಾಜ್ಯ. ಅದರ ಸಂವಿಧಾನದ 53ನೆಯ ವಿಧಿಯಂತೆ ರಕ್ಷಣಾಪಡೆಗಳ ಪರಮಾಧಿಪತ್ಯ ರಾಷ್ಟ್ರಪತಿಗಳಲ್ಲಿದೆ. ಅದನ್ನು ನಡೆಸಬೇಕಾದುದು ಕಾನೂನಿಗೆ ಒಳಪಟ್ಟು. ಭೂಸೇನೆಯ ಮುಖ್ಯಸ್ಥರು ಮೂರು ವರ್ಷ ಅಥವಾ 62ರ ವಯಸ್ಸು, ಯಾವುದು ಮೊದಲೋ ಆಗ ಅಧಿಕಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ ಮನೆಗೆ ಹೋಗುತ್ತಾರೆ. ಸೈನಿಕನ ಸಂಬಳ ಪ್ರತಿವರ್ಷವೂ ಲೋಕಸಭೆಯ ಮತಕ್ಕೆ ಬರುತ್ತದೆ. ಖರ್ಚಾದುದನ್ನು ಲೆಕ್ಕಪರಿಶೋಧಕರು ನೋಡುತ್ತಾರೆ. 1962ರ ಚೀನೀ ಆಕ್ರಮಣದ ದಿನಗಳಲ್ಲಿ ಮನೆಮನೆಯ ಹೆಂಗಸರು ಕೈಬಳೆಗಳನ್ನು ಬಿಚ್ಚಿ ರಕ್ಷಣಾನಿಧಿಗೆ ಕೊಟ್ಟರು. ಅದೇ ವರ್ಷ ಕೋಲಾರದ ಗಣಿಗಳು ಮೈಸೂರು ಸರ್ಕಾರದಿಂದ ಕೇಂದ್ರಕ್ಕೆ ಹಸ್ತಾಂತರವಾದವು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನೆಲದ ಚಿನ್ನಕ್ಕೆ ಕೊನೆಯುಂಟು.

ಆಯವ್ಯಯದ ಅಂಕಿಗಳು ಪತ್ರಿಕೆಯಲ್ಲಿ ಅಚ್ಚಾದ ದಿನ ಬಹಳ ಮನೆಗಳಲ್ಲಿ ಆ ಪುಟವನ್ನು ಮಗುಚಿ, ಯಾವ ಪದಾರ್ಥದ ಬೆಲೆ ಏರಿತೆಂಬುದನ್ನಷ್ಟೇ ನೋಡುವುದು ವಾಡಿಕೆ. ರಕ್ಷಣೆಗೆ ಎಷ್ಟು, ಅದನ್ನು ಯಾರು ಚರ್ಚಿಸಿದರು, ಯಾರು ಪ್ರಶ್ನಿಸಿದರು ಎಂಬ ಸಾಲುಗಳೂ ಅದೇ ಪುಟದಲ್ಲಿರುತ್ತವೆ. ತೆರಿಗೆ ಕೊಡುವ ಗೃಹಸ್ಥನೂ, ಮನೆಯ ಲೆಕ್ಕವನ್ನು ಬಲ್ಲ ಗೃಹಿಣಿಯೂ ಆ ಸಾಲುಗಳ ಮೇಲೆ ಒಂದು ಗಳಿಗೆ ಕಣ್ಣಿಟ್ಟರೆ ಸಾಕು. ಗಡಿಯಲ್ಲಿ ನಿಂತಿರುವ ಯೋಧನು ಯಾವೊಬ್ಬನ ಆಳೂ ಅಲ್ಲದೆ ದೇಶದ ಯೋಧನಾಗಿರುವುದು ಆ ಕಣ್ಣುಗಳು ತೆರೆದಿರುವವರೆಗೆ.